ಗುಂಗುರು ಕೂದಲಿನ ಸಿಕ್ಕು: ಕೂದಲು ಕಡಿಯದ ಹಾಗೆ, ಮಕ್ಕಳು ಅಳದ ಹಾಗೆ ಬಿಡಿಸುವುದು ಹೇಗೆ?

ಒಣಗಿದ ಗುಂಗುರು ಕೂದಲಿಗೆ ನೆತ್ತಿಯಿಂದ ಬಾಚಣಿಗೆ ಹಾಕಿ ಕೆಳಕ್ಕೆ ಎಳೆಯಬೇಡಿ. ಮುಂದಿನದ್ದೆಲ್ಲ ಮರೆತರೂ ಇದೊಂದು ನೆನಪಿರಲಿ.

ನಮ್ಮ ಮನೆಗಳಲ್ಲಿ ತಲೆ ಬಾಚುವ ರೂಢಿಯೆಲ್ಲ ನೇರ ಕೂದಲಿಗೆ ಹೊಂದಿಕೊಂಡು ಬಂದದ್ದು. ಎಣ್ಣೆ ಹಚ್ಚು, ನೆತ್ತಿಯಿಂದ ತುದಿಯ ತನಕ ಬಾಚು, ಬಿಗಿಯಾಗಿ ಎರಡು ಜಡೆ ಹಾಕು, ರಿಬ್ಬನ್ ಕಟ್ಟು, ಸ್ಕೂಲ್ ವ್ಯಾನ್ ಬಂತು ಓಡು. ನೇರ ಕೂದಲಿನ ಮಗುವಿಗೆ ಇದು ಐದು ನಿಮಿಷದ ಕೆಲಸ. ಸುರುಳಿ ಕೂದಲಿನ ಮಗುವಿಗೆ ದಿನಾ ಬೆಳಿಗ್ಗೆ ಅಳು. ಕೊನೆಗೆ "ನಿನ್ನ ಕೂದಲೇ ಸರಿ ಇಲ್ಲ" ಅಂತ ಮನೆಯವರೇ ಹೇಳಿಬಿಡುತ್ತಾರೆ, ಮಗು ಅದನ್ನು ನಂಬಿಬಿಡುತ್ತದೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಮಾತು. ಕೂದಲು ಸರಿಯಾಗಿಯೇ ಇದೆ, ಬಾಚುವ ಕ್ರಮ ಬದಲಾಗಬೇಕು.

ಇಲ್ಲಿ ಹೇಳುವ ಕ್ರಮ ದೊಡ್ಡ ಅಲೆಯ ಕೂದಲಿನಿಂದ ಹಿಡಿದು ಪೆನ್ಸಿಲ್‌ಗಿಂತ ಸಣ್ಣ ಬಿಗಿ ಸುರುಳಿಯ ಕೂದಲಿನ ತನಕ ಎಲ್ಲರಿಗೂ ಆಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದವರ ಹಿರಿಯರು ಆಫ್ರಿಕಾದಿಂದ ಬಂದವರು. ಅವರಲ್ಲಿ ಇಂಥ ಬಿಗಿ ಸುರುಳಿ ಕೂದಲು ಸಾಮಾನ್ಯ. ಆದರೆ ಕನ್ನಡದಲ್ಲಿ ಕೂದಲ ಆರೈಕೆ ಬಗ್ಗೆ ಬರುವ ಬರಹಗಳಲ್ಲಿ ಅವರ ಕೂದಲಿನ ಮಾತು ಬರುವುದು ತೀರಾ ಕಡಿಮೆ. ಕಂಡಿಷನರ್ ಹಚ್ಚಿ, ಪಾಲು ಮಾಡಿ, ಬೆರಳಲ್ಲಿ ಬಿಡಿಸುವ ಈ ವಿಧಾನ ಇವತ್ತು ಇಂಟರ್ನೆಟ್ಟಿನಲ್ಲಿ ಇಷ್ಟು ಹರಡಿದ್ದರೆ ಅದಕ್ಕೆ ಮುಖ್ಯ ಕಾರಣ ಆಫ್ರಿಕಾ ಮೂಲದ ಕಪ್ಪು ಹೆಂಗಸರು. ಕೂದಲನ್ನು ಕೆಮಿಕಲ್ ಹಾಕಿ ನೇರ ಮಾಡಿಸುವುದನ್ನು ಬಿಟ್ಟು, ಇದ್ದ ಹಾಗೇ ಬೆಳೆಸಲು ಹೊರಟವರು ಕಲಿತದ್ದನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟರು. ನಾವೂ ಅವರಿಂದಲೇ ಕಲಿಯುತ್ತಿದ್ದೇವೆ.

ಸಿಕ್ಕು ಯಾಕೆ ಇಷ್ಟೊಂದು ಆಗುತ್ತದೆ?

ನೇರ ಕೂದಲಿನ ಒಂದು ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ. ಗುಂಗುರು ಕೂದಲು ಚಪ್ಪಟೆಯಾಗಿ, ಮೊಟ್ಟೆಯ ಆಕಾರದಲ್ಲಿ ಇರುತ್ತದೆ. ಅದು ಬೆಳೆಯುವುದೂ ತಿರುಚಿಕೊಂಡು, ಬಾಗಿಕೊಂಡು. ಎಲ್ಲಿ ಬಾಗುತ್ತದೋ ಅಲ್ಲಿ ಬಲ ಕಡಿಮೆ, ಎಳೆದರೆ ಕಡಿಯುವುದೂ ಅಲ್ಲೇ. ನೆತ್ತಿಯ ಚರ್ಮದಿಂದ ಬರುವ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ಕೆಳಗೆ ಇಳಿಯುತ್ತದೆ. ಸುರುಳಿಯಲ್ಲಿ ಇಳಿಯುವುದು ಕಷ್ಟ. ಅದಕ್ಕೇ ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣ ಒಣ. ಕೂದಲಿನ ಮೇಲ್ಪದರ ಮನೆಗೆ ಹೊದಿಸಿದ ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತದೆ, ಸವೆದು ಹಾಳಾದಾಗ ಅದರ ಅಂಚುಗಳು ಎದ್ದು ಪಕ್ಕದ ಕೂದಲಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಇನ್ನೊಂದು ಮುಖ್ಯ ಕಾರಣ ಉದುರಿದ ಕೂದಲು. ಯಾರ ತಲೆಯಿಂದಾದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಾದರೆ ದಿಂಬಿನ ಮೇಲೆ, ನೆಲದ ಮೇಲೆ ಬಿದ್ದು ಹೋಗುತ್ತದೆ. ಗುಂಗುರು ಕೂದಲಲ್ಲಿ ಉದುರಿದ್ದು ಕೆಳಗೆ ಬೀಳುವುದಿಲ್ಲ, ಅಕ್ಕಪಕ್ಕದ ಕೂದಲಿಗೆ ಸುತ್ತಿಕೊಂಡು ಅಲ್ಲೇ ಕೂರುತ್ತದೆ. ವಾರಕ್ಕೊಮ್ಮೆ ಸಿಕ್ಕು ಬಿಡಿಸುವವರಿಗೆ ಒಂದೇ ಸಲಕ್ಕೆ 350ರಿಂದ 700 ಎಳೆ ಕೈಗೆ ಬರಬಹುದು, ಲೆಕ್ಕ ಹಾಕಿ ನೋಡಿ. ಆ ಉಂಡೆ ನೋಡಿ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಗಾಬರಿ ಬೇಡ. ಒಂದೆರಡು ಎಳೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ಎಳೆ ಪೂರ್ತಿ ಉದ್ದವಿದ್ದು, ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ತಾನಾಗೇ ಉದುರಿದ್ದು. ಗುಂಡಿಲ್ಲದ ಗಿಡ್ಡ ತುಂಡುಗಳು ಜಾಸ್ತಿ ಇದ್ದರೆ ಅದು ಕಡಿದದ್ದು. ಪ್ರತಿ ಸಲ ಬಿಡಿಸಿದ ಮೇಲೂ ಇದನ್ನೊಮ್ಮೆ ನೋಡಿಕೊಳ್ಳಿ, ನಿಮ್ಮ ಕೈ ಎಷ್ಟು ಹಗುರ ಆಗಿದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಒದ್ದೆಯಲ್ಲಾ, ಒಣಗಿದ ಮೇಲಾ?

"ಒದ್ದೆ ತಲೆ ಬಾಚಬೇಡ" ಅಂತ ಅಜ್ಜಿಯರು ಹೇಳುವುದು ನೇರ ಕೂದಲಿಗೆ ಸರಿ. ಒದ್ದೆ ಕೂದಲು ಜಾಸ್ತಿ ಹಿಗ್ಗುತ್ತದೆ, ಜೋರಾಗಿ ಎಳೆದರೆ ಬೇಗ ಕಡಿಯುತ್ತದೆ. ಗುಂಗುರು ಕೂದಲಿಗೆ ಮಾತ್ರ ಲೆಕ್ಕ ಉಲ್ಟಾ. ಒದ್ದೆಯಾದಾಗ ಸುರುಳಿ ಸ್ವಲ್ಪ ಸಡಿಲ ಬಿಡುತ್ತದೆ, ಗಂಟು ಬಿಚ್ಚಲು ಜಾಗ ಸಿಗುತ್ತದೆ. ಅಮೆರಿಕದ ಚರ್ಮವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿಯ ಸಲಹೆಯೂ ಹೀಗೇ ಇದೆ: ನೇರ ಕೂದಲಿನವರು ಸ್ವಲ್ಪ ಒಣಗಲು ಬಿಟ್ಟು ಬಾಚಲಿ, ಬಿಗಿ ಸುರುಳಿಯವರು ಒದ್ದೆಯಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚಲಿ. ಆದರೆ ಬರೀ ಒದ್ದೆ ಸಾಲದು. ಕೈಯಿಂದ ಜಾರುವಷ್ಟು ನುಣುಪು ಕೂಡ ಬೇಕು. ಆ ನುಣುಪು ಬರುವುದು ಕಂಡಿಷನರ್‌ನಿಂದ, ಇಲ್ಲವೇ ಗೊಂಪಿನಿಂದ, ಅಂದರೆ ದಾಸವಾಳದ ಎಲೆಯ ಲೋಳೆಯಿಂದ.

ಮೊದಲು ಜೋಡಿಸಿಕೊಳ್ಳಿ

ಅಗಲ ಹಲ್ಲಿನ ಬಾಚಣಿಗೆ ಒಂದು. ಕೊಳ್ಳುವಾಗ ಹಲ್ಲುಗಳ ನಡುವೆ ಉಗುರು ಆಡಿಸಿ ನೋಡಿ. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಗೆ ಪ್ರತಿ ಹಲ್ಲಿನ ಉದ್ದಕ್ಕೂ ಒಂದು ಸಣ್ಣ ಏಣು ಇರುತ್ತದೆ, ಅಚ್ಚಿನ ಎರಡು ಭಾಗ ಕೂಡಿದ ಗೆರೆ ಅದು. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ತಾಗುತ್ತದೆ. ಸ್ವಲ್ಪ ಹತ್ತಿ ತೆಗೆದುಕೊಂಡು ಹಲ್ಲಿನ ಮೇಲೆ ಎಳೆಯಿರಿ, ಹತ್ತಿಯ ನಾರು ಅಂಟಿಕೊಂಡರೆ ಆ ಬಾಚಣಿಗೆ ಕೂದಲನ್ನೂ ಹೀಗೇ ಕೆರೆಯುತ್ತದೆ. ಬೇವಿನ ಮರದ ಬಾಚಣಿಗೆ ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೂ ಇದೇ ಪರೀಕ್ಷೆ ಮಾಡಿ, ಸಿಬಿರು ಎದ್ದಿದ್ದರೆ ಬೇಡ. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಗೆ ಸದ್ಯಕ್ಕೆ ಕೆಲಸವಿಲ್ಲ.

ಮತ್ತೆ ನಾಲ್ಕೈದು ಕ್ಲಚ್, ನೀರು ಚಿಮುಕಿಸುವ ಸ್ಪ್ರೇ ಬಾಟಲಿ (ಇಸ್ತ್ರಿಗೆ ಬಳಸುವುದೇ ಸಾಕು), ಹಳೇ ಕಾಟನ್ ಟೀ ಶರ್ಟ್ ಒಂದು.

ಕಂಡಿಷನರ್ ಬಗ್ಗೆ ಸ್ವಲ್ಪ ಹೇಳಬೇಕು. ದುಬಾರಿಯದ್ದೇ ಬೇಕು ಅಂತಿಲ್ಲ. ಬಾಟಲಿಯ ಹಿಂದೆ ಬೆಹೆಂಟ್ರಿಮೋನಿಯಂ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್, ಸೆಟಿಯರಿಲ್ ಆಲ್ಕೋಹಾಲ್ ಅಂತ ಬರೆದಿದೆಯಾ ನೋಡಿ. ಹಾಳಾದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಜಾಸ್ತಿ ಇರುತ್ತದೆ, ಕಂಡಿಷನರ್‌ನಲ್ಲಿರುವ ಈ ಮೊದಲ ಎರಡರಲ್ಲಿ ಧನ ವಿದ್ಯುದಂಶ ಇರುತ್ತದೆ. ಹಾಗಾಗಿ ಅವು ಕೂದಲಿಗೆ ಅಂಟಿ ಕೂತು ಜಾರಿಕೆ ಕೊಡುತ್ತವೆ. ಆಲ್ಕೋಹಾಲ್ ಅನ್ನುವ ಹೆಸರಿಗೆ ಹೆದರಬೇಡಿ, ಸೆಟಿಯರಿಲ್ ಅನ್ನುವುದು ಮೇಣದಂಥ ಮೆತ್ತಗಿನ ವಸ್ತು, ಕೂದಲನ್ನು ಒಣಗಿಸುವುದಿಲ್ಲ. ಸಿಲಿಕೋನ್ ಬೇಡವೇ ಬೇಡ ಅನ್ನುವವರಿದ್ದಾರೆ. ನನ್ನ ಪ್ರಕಾರ ವಿಪರೀತ ಸಿಕ್ಕಾಗುವ ಕೂದಲಿಗೆ ಡೈಮೆಥಿಕೋನ್ ಅನ್ನುವ ಸಿಲಿಕೋನ್ ಇರುವ ಕಂಡಿಷನರ್ ಒಳ್ಳೆಯದೇ, ಎಳೆಗಳ ನಡುವಿನ ತಿಕ್ಕಾಟ ಕಡಿಮೆ ಮಾಡುತ್ತದೆ. ಒಂದು ಸ್ಯಾಶೆ ಮಾತ್ರ ಸೊಂಟದ ತನಕದ ಗುಂಗುರು ಕೂದಲಿಗೆ ಎಲ್ಲಿಗೂ ಸಾಲುವುದಿಲ್ಲ. ಕೈತುಂಬ ಬೇಕು.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ದಾಸವಾಳದ ಎಲೆ ಇದೆ. ಕರಾವಳಿ, ಮಲೆನಾಡಿನ ಕಡೆ ಇದರ ಲೋಳೆಗೆ ಗೊಂಪು ಅನ್ನುತ್ತಾರೆ. ಎರಡು ಮುಷ್ಟಿ ಎಲೆಯನ್ನು ನೀರಿನಲ್ಲಿ ಚೆನ್ನಾಗಿ ಕಿವುಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸುವುದನ್ನು ತಪ್ಪಿಸಬೇಡಿ. ಎಲೆಯ ಚೂರು ಸುರುಳಿಯೊಳಗೆ ಹೊಕ್ಕರೆ ಅದೇ ಹೊಸ ಗಂಟು. ಮಿಕ್ಸಿಗೆ ಹಾಕಿದ ದಾಸವಾಳ, ಮೆಂತ್ಯದ ಪೇಸ್ಟ್ ನೇರ ಕೂದಲಿಗೆ ಹೇಗೋ ನಡೆಯುತ್ತದೆ, ಇಲ್ಲಿ ಬೇಡ. ಸೀಗೆಪುಡಿಯ ತರಿಯೂ ಹೀಗೇ ಸಿಕ್ಕಿಕೊಳ್ಳುತ್ತದೆ, ಸೀಗೆಕಾಯಿಯೇ ಇಷ್ಟ ಅನ್ನುವವರು ಕಾಯಿ ಕುದಿಸಿ ಸೋಸಿದ ನೀರು ಬಳಸಿ.

ದಾಸವಾಳ ಸಿಗದಿದ್ದರೆ ಅಗಸೆ ಬೀಜ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು ಹಾಕಿ, ಕೈಯಾಡಿಸುತ್ತಾ ಕುದಿಸಿ. ಸೌಟು ಎತ್ತಿದಾಗ ಮೊಟ್ಟೆಯ ಬಿಳಿಯಂತೆ ಎಳೆ ಎಳೆಯಾಗಿ ಇಳಿದರೆ ಒಲೆ ಆರಿಸಿ, ಬಿಸಿಯಿರುವಾಗಲೇ ಸೋಸಿ. ತಣ್ಣಗಾದರೆ ಬೀಜ ಬಿಡುವುದೇ ಇಲ್ಲ. ಉಳಿದದ್ದು ಫ್ರಿಜ್ಜಿನಲ್ಲಿ ಕೆಲವು ದಿನ ಇರುತ್ತದೆ, ವಾಸನೆ ಬಂದರೆ ಎಸೆಯಿರಿ.

ಈಗ ಕೆಲಸ ಶುರು

ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ಇಲ್ಲವೇ ಹಿಂದಿನ ರಾತ್ರಿ, ಕೊಬ್ಬರಿ ಎಣ್ಣೆ ಹಚ್ಚಿ. ನೆತ್ತಿಗಿಂತ ತುದಿಗೆ ಜಾಸ್ತಿ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟ ಕಡಿಮೆ ಮಾಡುತ್ತದೆ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು, ಅದರಲ್ಲಿ ಸೂರ್ಯಕಾಂತಿ ಎಣ್ಣೆಗೂ ಮಿನರಲ್ ಆಯಿಲ್‌ಗೂ ಆ ಗುಣ ಕಾಣಲಿಲ್ಲ. ಹರಳೆಣ್ಣೆ ಮಾತ್ರ ಉದ್ದನೆಯ ಗುಂಗುರು ಕೂದಲಿಗೆ ಸುರಿಯಬೇಡಿ. ತೀರಾ ಅಂಟು. ಅದನ್ನು ಹಚ್ಚಿ ತೊಳೆದ ಮೇಲೆ ಕೂದಲೆಲ್ಲ ಕಲ್ಲಿನಂತೆ ಜಡೆಗಟ್ಟಿ, ಕತ್ತರಿಸದೆ ಬೇರೆ ದಾರಿಯೇ ಇಲ್ಲದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಎಲ್ಲರಿಗೂ ಹಾಗೆ ಆಗುವುದಿಲ್ಲ, ಆದರೂ ಯಾಕೆ ಬೇಕು.

ಎಣ್ಣೆ ಹಚ್ಚುವಾಗಲೇ ಕೂದಲನ್ನು ನಾಲ್ಕು ಪಾಲು ಮಾಡಿ. ಹಣೆಯಿಂದ ಕತ್ತಿನ ತನಕ ಒಂದು ಬೈತಲೆ, ಕಿವಿಯಿಂದ ಕಿವಿಗೆ ಇನ್ನೊಂದು. ಬೈತಲೆ ನೇರ ಬರಲೇಬೇಕು ಅಂತಿಲ್ಲ, ಬೆರಳಲ್ಲೇ ತೆಗೆಯಿರಿ. ದಟ್ಟ ಕೂದಲಾದರೆ ಎಂಟು ಪಾಲು. ಒಂದೊಂದನ್ನೂ ಸಡಿಲವಾಗಿ ಹೊಸೆದು ಕ್ಲಚ್ ಹಾಕಿ. ಪಾಲು ಮಾಡದೆ ಕೈ ಹಾಕಿದರೆ ಬಿಡಿಸಿದ್ದು ಬಿಡಿಸದ್ದರ ಜೊತೆ ಮತ್ತೆ ಸೇರಿಕೊಳ್ಳುತ್ತದೆ. ಎಷ್ಟೋ ಜನರ ತಾಳ್ಮೆ ಕೆಡುವುದು ಇಲ್ಲೇ.

ಸ್ನಾನದಲ್ಲಿ ತಲೆ ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಹಾಕಿ, ಶ್ಯಾಂಪೂ ಸುರಿದು ಬಟ್ಟೆ ಒಗೆದ ಹಾಗೆ ಉಜ್ಜುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅರ್ಧ ಸಿಕ್ಕು ಹುಟ್ಟುವುದು ಅಲ್ಲೇ. ನೆಟ್ಟಗೆ ನಿಂತು ಅಥವಾ ಕೂತು, ಕೂದಲು ಬೆನ್ನ ಮೇಲೆ ಇಳಿಬಿದ್ದಿರಲಿ. ಶ್ಯಾಂಪೂವನ್ನು ಮಗ್ಗಿನ ನೀರಿಗೆ ಕದಡಿ ನೆತ್ತಿಗೆ ಮಾತ್ರ ಹಾಕಿ, ಬೆರಳ ತುದಿಯಲ್ಲಿ ಮೆಲ್ಲಗೆ ತಿಕ್ಕಿ. ನೊರೆ ಇಳಿಯುವಾಗ ಉದ್ದದ ಕೂದಲೂ ತೊಳೆಯುತ್ತದೆ.

ಆಮೇಲೆ ಒಂದು ಪಾಲನ್ನು ಬಿಚ್ಚಿ. ನೀರು ಹಿಂಡದೆ, ಹನಿ ಬೀಳುತ್ತಿರುವಾಗಲೇ ಕಂಡಿಷನರ್ ಅಥವಾ ಗೊಂಪು ಹಚ್ಚಿ, ಎರಡೂ ಅಂಗೈ ನಡುವೆ ಕೂದಲು ಇಟ್ಟು ಮೇಲಿನಿಂದ ಕೆಳಗೆ ಸವರಿ. ಒಂದೆರಡು ನಿಮಿಷ ಬಿಡಿ. ಬಾಚಣಿಗೆ ಇನ್ನೂ ಮುಟ್ಟಬೇಡಿ. ಮೊದಲು ಬೆರಳು. ಬಾಚಣಿಗೆಗೆ ಗಂಟು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ತುದಿಯಿಂದ ಎರಡು ಇಂಚು ಮೇಲೆ ಎಡಗೈ ಮುಷ್ಟಿಯಲ್ಲಿ ಕೂದಲು ಹಿಡಿಯಿರಿ, ಬಲಗೈ ಬೆರಳಲ್ಲಿ ಆ ಎರಡು ಇಂಚು ಬಿಡಿಸಿ. ಅದು ಸಲೀಸಾದ ಮೇಲೆ ಇನ್ನೆರಡು ಇಂಚು ಮೇಲಕ್ಕೆ. ಹೀಗೇ ಬುಡದ ತನಕ ಹತ್ತಿ. ಎಡಗೈ ಹಿಡಿತ ಸಡಿಲ ಆಗಬಾರದು. ಎಳೆತ ಏನಿದ್ದರೂ ನಿಮ್ಮ ಮುಷ್ಟಿಗೆ ಬರಬೇಕು, ನೆತ್ತಿಗೆ ಹೋಗಬಾರದು. ಮಕ್ಕಳು ಅಳುವುದು ನಿಲ್ಲುವುದು ಈ ಒಂದು ಹಿಡಿತದಿಂದ.

ಗಂಟು ಸಿಕ್ಕಿತಾ? ಕೆಳಕ್ಕೆ ಎಳೆಯಬೇಡಿ, ಎಳೆದಷ್ಟೂ ಅದು ಬಿಗಿಯಾಗುತ್ತದೆ. ಗಂಟಿನ ಮೇಲೆ ಇನ್ನೊಂದು ಚಿಟಿಕೆ ಕಂಡಿಷನರ್ ಹಚ್ಚಿ ಹಿಸುಕಿ. ಎರಡು ಹೆಬ್ಬೆರಳಲ್ಲಿ ಗಂಟನ್ನು ಅಡ್ಡಕ್ಕೆ ಅಗಲಿಸಿ, ಎಡಕ್ಕೆ ಒಂದಿಷ್ಟು ಎಳೆ, ಬಲಕ್ಕೆ ಒಂದಿಷ್ಟು ಎಳೆ. ದೊಡ್ಡ ಗಂಟು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಒಳಗೆ ಸುತ್ತಿಕೊಂಡಿದ್ದ ಉದುರಿದ ಕೂದಲಿನ ತುದಿ ಹೊರಗೆ ಕಾಣುತ್ತದೆ. ಅದೊಂದನ್ನು ಹಿಡಿದು ಮೆಲ್ಲಗೆ ಜಾರಿಸಿದರೆ ಎಷ್ಟೋ ಸಲ ಗಂಟು ತಾನಾಗೇ ಬಿಚ್ಚಿಕೊಳ್ಳುತ್ತದೆ. ಬೆರಳು ಹೋಗದಷ್ಟು ಬಿಗಿಯಾಗಿದ್ದರೆ ಹೇರ್‌ಪಿನ್ನಿನ ಮೊಂಡು ತುದಿ ಬಳಸಿ. ಮತ್ತೆ, ಕಿವಿ ತೆರೆದಿರಲಿ. ಚಟ್ ಚಟ್ ಅಂತ ಸಣ್ಣ ಸದ್ದು ಬಂದರೆ ಕೂದಲು ಕಡಿಯುತ್ತಿದೆ ಅಂತಲೇ ಅರ್ಥ. ಅಲ್ಲೇ ನಿಲ್ಲಿಸಿ, ನೀರು ಚಿಮುಕಿಸಿ, ಕಂಡಿಷನರ್ ಹಾಕಿ, ಮತ್ತೆ ಶುರು ಮಾಡಿ.

ಬೆರಳು ಬುಡದಿಂದ ತುದಿಗೆ ತಡೆಯಿಲ್ಲದೆ ಇಳಿದ ಮೇಲೆ ಬಾಚಣಿಗೆ. ಅದೂ ತುದಿಯಿಂದಲೇ. ಮುಗಿದ ಪಾಲನ್ನು ತಕ್ಷಣ ಹೊಸೆದು ಕ್ಲಚ್ ಹಾಕಿ ಪಕ್ಕಕ್ಕಿಡಿ, ಮುಂದಿನ ಪಾಲು ತೆಗೆಯಿರಿ. ಕತ್ತಿನ ಹಿಂಭಾಗ ಎಲ್ಲಕ್ಕಿಂತ ಕಷ್ಟ. ಕಾಲರು, ದುಪಟ್ಟಾ, ದಿಂಬು ಎಲ್ಲ ಉಜ್ಜುವುದು ಅಲ್ಲೇ. ಕೈಗೆ ಸುಸ್ತಾಗುವ ಮೊದಲು ಆ ಭಾಗ ಮುಗಿಸಿಬಿಡಿ. ತುಂಬ ದಿನ ಬಿಟ್ಟ ಕೂದಲಾದರೆ ಮೊದಲ ಸಲ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಭಾನುವಾರ ಇಟ್ಟುಕೊಳ್ಳಿ, ಮಗುವಿಗೆ ಕಥೆ ಹೇಳಿ ಇಲ್ಲವೇ ಕಾರ್ಟೂನ್ ಹಾಕಿ ಕೊಡಿ. ಅವಸರ ಇರುವ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ತೊಳೆಯುವಾಗ ಹೊಸೆದ ಪಾಲು ಬಿಚ್ಚದೆ ಮೇಲಿನಿಂದ ನೀರು ಸುರಿಯಿರಿ, ಹಾಗೆ ಮಾಡಿದರೆ ಬಿಡಿಸಿದ್ದು ಮತ್ತೆ ಸಿಕ್ಕಾಗುವುದಿಲ್ಲ. ಬೆಂಗಳೂರು, ಕೋಲಾರದ ಕಡೆ ಬೋರ್‌ವೆಲ್, ಟ್ಯಾಂಕರ್ ನೀರಿನ ಮನೆಗಳಲ್ಲಿ ನೀರಿನ ಗಡಸುತನವೇ ಇನ್ನೊಂದು ತಲೆನೋವು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಒರಟು ಮಾಡುತ್ತವೆ, ಎಷ್ಟು ಕಂಡಿಷನರ್ ಹಾಕಿದರೂ ಜಾರುವುದಿಲ್ಲ. ಕೊನೆಯ ಎರಡು ಮೂರು ಚೊಂಬು ಕಾವೇರಿ ನೀರೋ ಹಿಡಿದಿಟ್ಟ ಮಳೆ ನೀರೋ ಆದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಒರೆಸುವಾಗ ಟರ್ಕಿ ಟವೆಲ್ ಬೇಡ. ಟವೆಲ್ಲಿನಲ್ಲಿ ಪಟಪಟ ಅಂತ ಕೂದಲು ಬಡಿಯುವುದಂತೂ ಬೇಡವೇ ಬೇಡ. ಟೀ ಶರ್ಟಿನಲ್ಲಿ ಒತ್ತಿ ನೀರು ತೆಗೆದು ಬಿಟ್ಟರೆ ಸಾಕು.

ಮತ್ತೆ ಸಿಕ್ಕಾಗದ ಹಾಗೆ

ರಾತ್ರಿ ಕೂದಲು ಬಿಚ್ಚಿಕೊಂಡು ಮಲಗಬೇಡಿ. ಸಡಿಲವಾದ ಜಡೆ ಹಾಕಿ. ಕಾಟನ್ ದಿಂಬಿನ ಕವರ್ ಕೂದಲನ್ನು ಉಜ್ಜುತ್ತದೆ, ಹಳೇ ರೇಷ್ಮೆ ಸೀರೆಯದ್ದೋ ಸ್ಯಾಟಿನ್ ಲೈನಿಂಗ್ ಬಟ್ಟೆಯದ್ದೋ ಕವರ್ ಹೊಲಿಸಿಕೊಳ್ಳಿ, ಜರಿ ಇರುವ ಭಾಗ ಬಿಟ್ಟು. ಶಾಲೆಗೆ ಜಡೆ ಹಾಕುವಾಗ ಹಣೆಯಂಚು ಎಳೆದು ಹುಬ್ಬು ಮೇಲೇರುವಷ್ಟು ಬಿಗಿ ಮಾಡಬೇಡಿ. ವರ್ಷಗಟ್ಟಲೆ ಹಾಗೆ ಎಳೆದರೆ ಹಣೆಯಂಚಿನ ಕೂದಲು ಕಾಯಂ ಆಗಿ ಹೋಗಬಹುದು. ಬೆಳಿಗ್ಗೆ ಇಡೀ ತಲೆ ಬಾಚುವ ಅಗತ್ಯವಿಲ್ಲ. ನೀರಿಗೆ ಸ್ವಲ್ಪ ಕಂಡಿಷನರ್ ಕದಡಿ ಸ್ಪ್ರೇ ಮಾಡಿ, ಅಂಗೈಯಲ್ಲಿ ಸವರಿ, ಜಡೆ ಹಾಕಿ ಕಳಿಸಿ.

ತುದಿಯಲ್ಲಿ ಒಂದೇ ಎಳೆ ತನಗೆ ತಾನೇ ಸುತ್ತಿಕೊಂಡು ಸಾಸಿವೆಗಿಂತ ಸಣ್ಣ ಗಂಟಾಗಿರುವುದು ಬೆರಳಿಗೆ ತಾಗುತ್ತದೆ. ಅದನ್ನು ಬಿಚ್ಚಲು ಹೋಗಬೇಡಿ. ಗಂಟಿನ ಸ್ವಲ್ಪ ಮೇಲೆ ಹರಿತವಾದ ಕತ್ತರಿಯಲ್ಲಿ ಕತ್ತರಿಸಿ, ಅಡುಗೆಮನೆಯ ಮೊಂಡು ಕತ್ತರಿಯಲ್ಲಿ ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ತುದಿ ಕತ್ತರಿಸಿಕೊಂಡರೆ ಸೀಳಿದ ತುದಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ.

ಹೇನಾಗಿದ್ದರೆ? ಮೊದಲು ಮೇಲಿನ ಕ್ರಮದಲ್ಲೇ ಪೂರ್ತಿ ಸಿಕ್ಕು ಬಿಡಿಸಿ. ಕಂಡಿಷನರ್ ಇರುವಾಗಲೇ, ಪಾಲು ಪಾಲಾಗಿ, ಆಗ ಹೇನಿನ ಬಾಚಣಿಗೆ ಹಾಕಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೂಡ ಒದ್ದೆ ಕೂದಲಿಗೆ ಕಂಡಿಷನರ್ ಹಚ್ಚಿ ಬಾಚುವುದನ್ನೇ ಹೇಳುತ್ತದೆ, 1, 5, 9 ಮತ್ತು 13ನೇ ದಿನ.

ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ

ಹೆರಿಗೆಯಾದ ಸುಮಾರು ಮೂರು ತಿಂಗಳ ಹೊತ್ತಿಗೆ ಕೂದಲು ರಾಶಿ ರಾಶಿ ಉದುರಲು ಶುರುವಾಗುತ್ತದೆ. ಟೈಫಾಯಿಡ್, ಡೆಂಗಿಯಂಥ ಜೋರು ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೂ ಹೀಗೇ. ಗುಂಗುರು ಕೂದಲಿನವರಿಗೆ ಅದೆಲ್ಲ ತಲೆಯಲ್ಲೇ ಸಿಕ್ಕಿಕೊಂಡು, ಮಗುವಿನ ಗಲಾಟೆಯಲ್ಲಿ ತಲೆ ಬಾಚಲು ಪುರುಸೊತ್ತೂ ಇಲ್ಲದೆ, ಹಿಂದುಗಡೆ ಒಂದು ಹಲಗೆಯಂತೆ ಜಡೆಗಟ್ಟಿಬಿಡುತ್ತದೆ. ಮನೆಯಲ್ಲಿ ಅಮ್ಮನೋ ಅತ್ತೆಯೋ ಗಂಡನೋ ಯಾರಾದರೂ ವಾರಕ್ಕೆರಡು ಸಲ ಬೆರಳಲ್ಲಿ ಬಿಡಿಸಿಕೊಟ್ಟರೆ ಅಷ್ಟೇ ದೊಡ್ಡ ಉಪಕಾರ. ಒಬ್ಬರೇ ಮಾಡಿಕೊಳ್ಳುವ ಕೆಲಸವಲ್ಲ ಇದು, ಕೈ ಮೇಲೆತ್ತಿ ಹಿಡಿಯುವ ಶಕ್ತಿ ಆಗ ಇರುವುದಿಲ್ಲ.

ಈಗಾಗಲೇ ಜಡೆಗಟ್ಟಿದ್ದರೆ ಕತ್ತರಿಸುವ ಮೊದಲು ಒಂದು ಪ್ರಯತ್ನ ಮಾಡಿ. ಶ್ಯಾಂಪೂ ಹಾಕಬೇಡಿ, ನೀರು ಸುರಿದು ಉಜ್ಜಲೂ ಬೇಡಿ, ಇನ್ನೂ ಬಿಗಿಯುತ್ತದೆ. ಒಣಗಿರುವಾಗಲೇ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಾಕಿ ಕೆಲವು ಗಂಟೆ ನೆನೆಯಲು ಬಿಡಿ. ಆಮೇಲೆ ನೀರು ಚಿಮುಕಿಸಿ, ಕಂಡಿಷನರ್ ಹಚ್ಚಿ, ಜಡೆಗಟ್ಟಿದ ಭಾಗದ ಅಂಚಿನಿಂದ ಒಂದೊಂದೇ ಎಳೆ ಬಿಡಿಸುತ್ತಾ ಬನ್ನಿ. ನಡುವಿಗೆ ಕೈ ಹಾಕಬೇಡಿ. ಒಂದೇ ದಿನದಲ್ಲಿ ಮುಗಿಯದಿದ್ದರೆ ಬಿಡಿಸಿದ್ದಕ್ಕೆ ಜಡೆ ಹಾಕಿ, ಉಳಿದದ್ದು ನಾಳೆಗೆ.

ಇಷ್ಟೆಲ್ಲ ಮಾಡಿದರೂ ಗಿಡ್ಡ ತುಂಡುಗಳೇ ಜಾಸ್ತಿ ಬರುತ್ತಿದ್ದರೆ, ನೆತ್ತಿಯಲ್ಲಿ ದುಂಡಗೆ ಬೋಳಾಗುತ್ತಿದ್ದರೆ, ತುರಿಕೆಯೋ ಹೊಪ್ಪಳೆಯೋ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಆ ಉದುರಿದ ಕೂದಲನ್ನೂ ಒಂದು ಬಿಳಿ ಕಾಗದದಲ್ಲಿ ಮಡಚಿಕೊಂಡು ಹೋಗಿ, ಉದುರಿದ್ದಾ ಕಡಿದದ್ದಾ ಅಂತ ಅವರಿಗೂ ನೋಡಲು ಅನುಕೂಲ.